ವಾಕ್‌ಸ್ಥಾನದ ಶೋಧಕ ಡಾ॥ ಪಾಲ್ ಬ್ರೋಕಾ

ಮಾನವನನ್ನು ಬಾಧಿಸುವ ವ್ಯಾಧಿಗಳಲ್ಲಿ ಪಾರ್ಶ್ವವಾಯುವಿನಷ್ಟು ಹಠಾತ್ತಾಗಿ ಬಂದೆರಗುವಂಥವು ವಿರಳ. ಬೆಳಿಗ್ಗೆ ಹೊಲಕ್ಕೋ ಕಚೇರಿಗೋ ನೆಟ್ಟಗೆ ನಡೆದುಹೋದ ಯಜಮಾನನು ಸಂಜೆಯ ಹೊತ್ತಿಗೆ ಮಂಚ ಹಿಡಿದಿರುವನು. ಒಂದು ಕೈ, ಒಂದು ಕಾಲು ಅವನ ಮಾತನ್ನು ಕೇಳಲೊಲ್ಲವು. ಬಾಯಿ ಓರೆಯಾಗಿ ನಾಲಗೆಯೂ ಕೈಬಿಟ್ಟಿರುವುದು. ಕೈಕಾಲು ಬಿದ್ದುಹೋದ ದುಃಖವನ್ನು ಮನೆಯವರು ಹೇಗೋ ಸಹಿಸಿಕೊಳ್ಳುವರು. ಆದರೆ ಮಾತು ನಿಂತುಹೋದ ದಿನದಿಂದ ಆ ಮನುಷ್ಯನು ತನ್ನ ಮನೆಯಲ್ಲಿಯೇ ಪರಕೀಯನಾಗುತ್ತಾನೆ. ಮಾತು ಹೋದವನಿಗೆ ಬುದ್ಧಿಯೂ ಹೋಯಿತೆಂದು ಬಗೆದು, ಅವನ ಕಿವಿಗೆ ಬೀಳುವಂತೆಯೇ ಅವನ ಜಮೀನು, ಅವನ ಮಕ್ಕಳ ಮದುವೆ, ಅವನ ಮರಣಾನಂತರದ ಏರ್ಪಾಡುಗಳನ್ನು ಕುರಿತು ಮಾತನಾಡುವವರು ಎಲ್ಲ ದೇಶಗಳಲ್ಲಿಯೂ ಉಂಟು. ಮಾತು ಬೇರೆ, ಬುದ್ಧಿ ಬೇರೆ; ಮೊದಲನೆಯದು ಅಳಿದ ಮಾತ್ರಕ್ಕೆ ಎರಡನೆಯದು ಅಳಿಯಿತೆಂದು ತಿಳಿಯಲಾಗದು ಎಂಬುದನ್ನು ಆಸ್ಪತ್ರೆಯ ಹಾಸಿಗೆಯ ಬಳಿಯಲ್ಲಿಯೂ ಶವಪರೀಕ್ಷೆಯ ಮೇಜಿನ ಮೇಲೂ ತೋರಿಸಿಕೊಟ್ಟವರಲ್ಲಿ ಅಗ್ರಗಣ್ಯರು ಫ್ರಾನ್ಸ್ ದೇಶದ ಶಸ್ತ್ರವೈದ್ಯ ಡಾ॥ ಪಾಲ್ ಬ್ರೋಕಾರವರು. ಇವರ ಚರಿತ್ರೆಯು ವೈದ್ಯರಿಗೆ ಮಾತ್ರವಲ್ಲದೆ, ಇಂಥ ರೋಗಿಯೊಬ್ಬನನ್ನು ಮನೆಯಲ್ಲಿಟ್ಟುಕೊಂಡಿರುವ ಪ್ರತಿಯೊಬ್ಬ ಗೃಹಸ್ಥನಿಗೂ ತಿಳಿದಿರಬೇಕಾದದ್ದು.

ಬ್ರೋಕಾರವರು 1824ನೆಯ ಇಸವಿ ಜೂನ್ 28ರಂದು ಫ್ರಾನ್ಸಿನ ನೈರುತ್ಯ ಭಾಗದಲ್ಲಿ, ದೋರ್ದೋನ್ ನದಿಯ ದಡದಲ್ಲಿರುವ ಸಾಂತ್ ಫೊಯ್ ಲಾ ಗ್ರಾಂದ್ ಎಂಬ ಸಣ್ಣ ಪಟ್ಟಣದಲ್ಲಿ ಜನಿಸಿದರು. ತಂದೆಯು ವೈದ್ಯ, ಹಿಂದೆ ಸೈನ್ಯದಲ್ಲಿ ಶಸ್ತ್ರವೈದ್ಯನಾಗಿದ್ದವನು. ತಾಯಿಯು ಪ್ರಾಟೆಸ್ಟಂಟ್ ಮತಬೋಧಕನೊಬ್ಬನ ಮಗಳು. ಬಹುಸಂಖ್ಯಾತರ ಮತಕ್ಕೆ ಹೊರತಾಗಿ ಬಾಳಿದ ಹ್ಯೂಗನೋ ಜನರ ಊರು ಅದು. ಅಧಿಕಾರಕ್ಕೆ ಹೆದರಿ ಅಭಿಪ್ರಾಯವನ್ನು ಬದಲಿಸಿಕೊಳ್ಳದ ಗುಣವು ಆ ನೆಲದಿಂದಲೇ ಅವರಿಗೆ ಬಂದಿರಬೇಕು. ಹದಿನೇಳನೆಯ ವಯಸ್ಸಿನಲ್ಲಿ ಪ್ಯಾರಿಸ್ಸಿನ ವೈದ್ಯವಿದ್ಯಾಲಯವನ್ನು ಸೇರಿ, 1849ರಲ್ಲಿ ಡಾಕ್ಟರ್ ಪದವಿಯನ್ನು ಗಳಿಸಿದರು. ಆಗ ಹೊಸದಾಗಿ ಬಳಕೆಗೆ ಬರುತ್ತಿದ್ದ ಸೂಕ್ಷ್ಮದರ್ಶಕ ಯಂತ್ರವನ್ನು ಹಿಡಿದು ಅರ್ಬುದ ರೋಗವು ರಕ್ತನಾಳಗಳ ಮೂಲಕ ಹೇಗೆ ಹರಡುವುದೆಂಬುದನ್ನು ವಿವೇಚಿಸಿದರು. ರಕ್ತನಾಳಗಳ ಉಬ್ಬುರೋಗವನ್ನು ಕುರಿತು 1856ರಲ್ಲಿ ದೊಡ್ಡ ಗ್ರಂಥವೊಂದನ್ನು ಹೊರತಂದರು. 1857ರಲ್ಲಿ ಅಯೋಡೀನ್ ದ್ರಾವಣಕ್ಕೆ ತನ್ನ ಹೆಸರನ್ನು ಬಿಟ್ಟುಹೋದ ಲ್ಯೂಗೋಲ್ ಎಂಬ ವೈದ್ಯನ ಮಗಳನ್ನು ವಿವಾಹವಾದರು. ಶಸ್ತ್ರವೈದ್ಯನಾಗಿ ಸುಖವಾಗಿ ಬಾಳಲು ಇಷ್ಟೇ ಸಾಕಾಗಿತ್ತು. ಆದರೆ ಮನುಷ್ಯನೆಂದರೇನು ಎಂಬ ಪ್ರಶ್ನೆಯು ಅವರನ್ನು ಸುಮ್ಮನೆ ಕುಳಿತಿರಗೊಡಲಿಲ್ಲ.

1859ನೆಯ ಇಸವಿಯ ಮೇ ತಿಂಗಳಲ್ಲಿ ಹತ್ತೊಂಬತ್ತು ಮಂದಿ ಸದಸ್ಯರೊಡನೆ ಬ್ರೋಕಾರವರು ಪ್ಯಾರಿಸ್ಸಿನಲ್ಲಿ ಮಾನವಶಾಸ್ತ್ರ ಸಂಘವನ್ನು ಸ್ಥಾಪಿಸಿದರು. ಮೂರನೆಯ ನೆಪೋಲಿಯನ್ ಚಕ್ರವರ್ತಿಯ ಆಳ್ವಿಕೆಯ ಕಾಲವದು. ಮನುಷ್ಯನ ಉತ್ಪತ್ತಿಯನ್ನು ಕುರಿತು ವಿಚಾರ ಮಾಡುವವರು ಮತಕ್ಕೂ ಸರಕಾರಕ್ಕೂ ವಿರೋಧಿಗಳಾಗಿರಬೇಕೆಂದು ಅಧಿಕಾರಿಗಳು ಶಂಕಿಸಿದರು. ಕಡೆಗೆ ಅನುಮತಿ ದೊರೆಯಿತೇನೋ ನಿಜ. ಆದರೆ ಸಭೆ ಸೇರಿದಾಗಲೆಲ್ಲ ಪೊಲೀಸಿನವನೊಬ್ಬನು ಬಂದು ಕುಳಿತು, ರಾಜ್ಯಕ್ಕೂ ಧರ್ಮಕ್ಕೂ ವಿರುದ್ಧವಾದ ಮಾತು ಬಾರದಂತೆ ನೋಡಿಕೊಳ್ಳಬೇಕೆಂಬ ಕಟ್ಟಳೆಯಾಯಿತು. ತಲೆಬುರುಡೆಗಳನ್ನೂ ಮಿದುಳುಗಳನ್ನೂ ಕುರಿತ ಚರ್ಚೆಯನ್ನು ಆ ಪೊಲೀಸಿನವನು ತೂಕಡಿಸುತ್ತ ಕೇಳಿದನೋ ಎಚ್ಚರದಿಂದ ಕೇಳಿದನೋ ತಿಳಿಯದು. ಆದರೆ ವೈದ್ಯಶಾಸ್ತ್ರದ ದಿಕ್ಕನ್ನೇ ತಿರುಗಿಸಿದ ಒಂದು ವಾದವು ನಡೆದದ್ದು ಈ ಸಂಘದಲ್ಲಿಯೇ.

ಆ ವಾದದ ವಿಷಯವಿದು: ಮಿದುಳು ಇಡಿಯಾಗಿ ಒಂದೇ ಅಂಗದಂತೆ ಕೆಲಸಮಾಡುವುದೋ, ಇಲ್ಲವೆ ಒಂದೊಂದು ಶಕ್ತಿಗೂ ಅದರಲ್ಲಿ ಒಂದೊಂದು ನೆಲೆ ಉಂಟೋ? ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಗಾಲ್ ಎಂಬ ಪಂಡಿತನು ತಲೆಬುರುಡೆಯ ಉಬ್ಬುತಗ್ಗುಗಳನ್ನು ಮುಟ್ಟಿನೋಡಿ ಮನುಷ್ಯನ ಗುಣದೋಷಗಳನ್ನು ಹೇಳಬಹುದೆಂದು ಸಾರಿದ್ದನು. ಆ ಶಾಸ್ತ್ರವು ಕ್ರಮೇಣ ಕಣಿ ಹೇಳುವವರ ಕೈಸೇರಿ ನಗೆಪಾಟಲಾಯಿತು; ಅದರೊಡನೆ ಮಿದುಳಿನಲ್ಲಿ ನೆಲೆಗಳುಂಟೆಂಬ ವಿಚಾರವೂ ವಿದ್ವಾಂಸರ ತಿರಸ್ಕಾರಕ್ಕೆ ಗುರಿಯಾಯಿತು. ಬುಯೋ ಎಂಬ ವೈದ್ಯರೊಬ್ಬರು ಮಾತ್ರ, ಮಾತಿನ ನೆಲೆಯು ಮಿದುಳಿನ ಮುಂಭಾಗದಲ್ಲಿದೆಯೆಂದು 1825ರಿಂದಲೂ ಪಟ್ಟುಹಿಡಿದಿದ್ದರು. ತಮ್ಮ ಮಾತು ಸುಳ್ಳೆಂದು ತೋರಿಸಿದವರಿಗೆ ಐದುನೂರು ಫ್ರಾಂಕುಗಳ ಪಣವನ್ನೂ ಒಡ್ಡಿದ್ದರು. 1861ರ ವಸಂತದಲ್ಲಿ ಅವರ ಅಳಿಯ ಒಬುರ್ತಾನ್ ಎಂಬವರು ಸಂಘದಲ್ಲಿ ಅದೇ ಪಕ್ಷವನ್ನು ಹಿಡಿದು ವಾದಿಸಿದರು. ಗ್ರಾತಿಯೋಲೇ ಎಂಬ ಅಂಗರಚನಾಶಾಸ್ತ್ರಜ್ಞರು ಪ್ರತಿಪಕ್ಷವನ್ನು ಹಿಡಿದರು. ವಾದವು ಎಷ್ಟು ಬೆಳೆದರೂ ಪ್ರತ್ಯಕ್ಷ ಪ್ರಮಾಣವಿಲ್ಲದೆ ತೀರುವಂತಿರಲಿಲ್ಲ. ಬ್ರೋಕಾರವರು ಅವಸರದಿಂದ ಯಾವ ಪಕ್ಷವನ್ನೂ ಸೇರದೆ ಕಾದರು. ಹೆಚ್ಚು ದಿನ ಕಾಯಬೇಕಾಗಲಿಲ್ಲ.

ಪ್ಯಾರಿಸ್ಸಿನ ಹೊರವಲಯದಲ್ಲಿ ಬಿಸೇತ್ರ್ ಎಂಬ ದೊಡ್ಡ ಆಸ್ಪತ್ರೆಯಿದ್ದಿತು. ವೃದ್ಧರು, ಬುದ್ಧಿಭ್ರಮಣೆಯಾದವರು, ಗತಿಯಿಲ್ಲದವರು ಸಾಯುವವರೆಗೂ ಅಲ್ಲಿ ಬಿದ್ದಿರುತ್ತಿದ್ದರು. ಅಲ್ಲಿನ ಶಸ್ತ್ರವೈದ್ಯಶಾಲೆಗೆ, ಬ್ರೋಕಾರವರ ವಶಕ್ಕೆ, 1861ರ ಏಪ್ರಿಲ್ 11ರಂದು ಕಾಲಿನಲ್ಲಿ ವಿಷಮ ಬಾವು ಹಬ್ಬಿದ್ದ ಐವತ್ತೊಂದು ವರ್ಷದ ರೋಗಿಯೊಬ್ಬನು ಬಂದನು. ಅವನ ಹೆಸರು ಲೆಬೋರ್ನ್. ಬಾಲ್ಯದಿಂದಲೂ ಅವನಿಗೆ ಅಪಸ್ಮಾರವಿದ್ದಿತು. ಮೂವತ್ತನೆಯ ವಯಸ್ಸಿನಲ್ಲಿ ಮಾತು ಹೋಯಿತು. ಹತ್ತು ವರ್ಷಗಳ ತರುವಾಯ ಬಲಗೈಯೂ, ಆಮೇಲೆ ಬಲಗಾಲೂ ಸತ್ವವನ್ನು ಕಳೆದುಕೊಂಡವು. ಯಾರು ಏನು ಕೇಳಿದರೂ ತಾನ್ ತಾನ್ ಎಂಬ ಒಂದೇ ಶಬ್ದವನ್ನು ಎರಡು ಸಲ ಉಚ್ಚರಿಸುತ್ತಿದ್ದನು. ಬಹಳ ಸಿಟ್ಟು ಬಂದರೆ ಒಂದು ಬೈಗುಳ ಮಾತ್ರ ಹೊರಡುತ್ತಿತ್ತು. ಆಸ್ಪತ್ರೆಯವರೆಲ್ಲ ಅವನನ್ನು ತಾನ್ ಎಂದೇ ಕರೆಯುತ್ತಿದ್ದರು. ಅವನ ನಿಜನಾಮವು ಮರೆತೇಹೋದಂತಾಗಿದ್ದಿತು.

ಬ್ರೋಕಾರವರು ಬಾವನ್ನು ಮಾತ್ರ ನೋಡಿ ಮುಂದಕ್ಕೆ ಹೋಗಲಿಲ್ಲ. ಮಾತಿಲ್ಲದ ಆ ಮನುಷ್ಯನೊಡನೆ ಮಾತನಾಡಿದರು. ಇಲ್ಲಿಗೆ ಬಂದು ಎಷ್ಟು ವರ್ಷವಾಯಿತೆಂದು ಕೇಳಿದಾಗ ಅವನು ಎಡಗೈಯ ಐದು ಬೆರಳುಗಳನ್ನು ನಾಲ್ಕು ಸಲ ಬಿಚ್ಚಿ ತೋರಿಸಿ, ಆಮೇಲೆ ಒಂದು ಬೆರಳನ್ನು ಎತ್ತಿದನು. ಇಪ್ಪತ್ತೊಂದು ವರ್ಷ, ಲೆಕ್ಕವು ಸರಿಯಾಗಿತ್ತು. ಮರುದಿನವೂ ಅದನ್ನೇ ಕೇಳಲಾಗಿ ಅದೇ ಉತ್ತರವು ಬಂದಿತು. ಮೂರನೆಯ ಸಲ ಕೇಳಿದಾಗ ತನ್ನನ್ನು ಪರೀಕ್ಷಿಸುತ್ತಿರುವರೆಂದು ತಿಳಿದು ಅವನು ಸಿಟ್ಟಾದನು. ಹೀಗೆ ಸಿಟ್ಟಾಗಬಲ್ಲವನು ಬುದ್ಧಿಹೀನನಾಗಿರಲು ಸಾಧ್ಯವೇ? ಗಡಿಯಾರವನ್ನು ತೋರಿಸಿದರೆ ಹೊತ್ತೆಷ್ಟೆಂಬುದನ್ನು ಅವನು ಸನ್ನೆಯಿಂದ ತಿಳಿಸಬಲ್ಲವನಾಗಿದ್ದನು. ನಾಲಗೆಗೂ ತುಟಿಗಳಿಗೂ ಚಲನೆಯಿದ್ದಿತು, ಕೇಳಿದ್ದು ಅರ್ಥವಾಗುತ್ತಿತ್ತು, ಹೇಳಬೇಕೆಂಬ ಇಚ್ಛೆಯೂ ಇದ್ದಿತು. ಆದರೆ ಇಚ್ಛೆಯನ್ನು ಶಬ್ದವಾಗಿ ಜೋಡಿಸುವ ಶಕ್ತಿಯೊಂದು ಮಾತ್ರ ನಾಶವಾಗಿತ್ತು.

ಏಪ್ರಿಲ್ 17ರಂದು ಲೆಬೋರ್ನನು ತೀರಿಕೊಂಡನು. ಮರುದಿನವೇ ಬ್ರೋಕಾರವರು ಅವನ ಮಿದುಳನ್ನು ಸಂಘದ ಮುಂದೆ ಇಟ್ಟರು. ಎಡಭಾಗದ ಮುಂದಾಲೆಯಲ್ಲಿ, ಮೂರನೆಯ ಮಡಿಕೆಯನ್ನು ಮಧ್ಯವಾಗಿಟ್ಟುಕೊಂಡು, ಕೋಳಿಮೊಟ್ಟೆಯು ಹಿಡಿಸುವಷ್ಟು ದೊಡ್ಡ ಕುಳಿ ಬಿದ್ದಿತ್ತು. ಅದೇ ವರ್ಷದ ಅಕ್ಟೋಬರಿನಲ್ಲಿ ಮತ್ತೊಬ್ಬ ರೋಗಿಯು ದೊರಕಿದನು. ಲೆಲೋಂಗ್ ಎಂಬ ಎಂಬತ್ತನಾಲ್ಕು ವರ್ಷದ ಮುದುಕ. ತೊಡೆಯ ಮೂಳೆ ಮುರಿದು ಶಸ್ತ್ರವೈದ್ಯಶಾಲೆಗೆ ಬಂದವನು. ಒಂದೂವರೆ ವರ್ಷಕ್ಕೆ ಮೊದಲು ಅವನಿಗೆ ಮಿದುಳಿನ ಆಘಾತವಾಗಿ, ಅಂದಿನಿಂದ ಐದೇ ಮಾತುಗಳು ಉಳಿದಿದ್ದುವು. ಎಷ್ಟು ಮಕ್ಕಳೆಂದು ಕೇಳಿದರೆ ಬಾಯಿಂದ ಬರುತ್ತಿದ್ದುದು ಮೂರೆಂಬ ಮಾತು, ಅದೂ ತೊದಲಾಗಿ. ಆದರೆ ಅವನು ಎತ್ತಿ ತೋರಿಸಿದ್ದು ನಾಲ್ಕು ಬೆರಳು. ಗಂಡು ಮಕ್ಕಳೆಷ್ಟು ಎಂದರೆ ಪುನಃ ಅದೇ ಮಾತು, ಎರಡು ಬೆರಳು. ಹೆಣ್ಣು ಮಕ್ಕಳಿಗೂ ಹಾಗೆಯೇ. ಬೆರಳು ನಿಜವನ್ನು ಹೇಳುತ್ತಿತ್ತು, ನಾಲಗೆಯು ತಪ್ಪುತ್ತಿತ್ತು. ಹಿಂದೆ ಏನು ಕೆಲಸ ಮಾಡುತ್ತಿದ್ದೆಯೆಂದಾಗ ಸಲಿಕೆಯಿಂದ ಮಣ್ಣನ್ನು ತೋಡಿ ಎಸೆಯುವಂತೆ ಅಭಿನಯಿಸಿದನು. ನವೆಂಬರಿನಲ್ಲಿ ಅವನು ಸತ್ತ ಬಳಿಕ ನೋಡಲಾಗಿ, ಗಾಯವು ಮೊದಲನೆಯವನದಕ್ಕಿಂತ ಚಿಕ್ಕದಾಗಿದ್ದರೂ ಸ್ಥಾನವು ಅದೇ ಆಗಿದ್ದಿತು. ಪಾರ್ಶ್ವವಾಯುವಿನ ಪೆಟ್ಟು ಎಲ್ಲಿ ಬಿದ್ದರೆ ಮಾತು ಕೆಡುವುದೆಂಬುದಕ್ಕೆ ಹೀಗೆ ಪ್ರತ್ಯಕ್ಷ ಪ್ರಮಾಣ ದೊರೆಯಿತು. ಆ ಸ್ಥಾನವನ್ನು ಇಂದಿಗೂ ಜಗತ್ತಿನ ವೈದ್ಯರು ಬ್ರೋಕಾ ಪ್ರದೇಶವೆಂದೇ ಕರೆಯುತ್ತಾರೆ.

ಎರಡು ರೋಗಿಗಳನ್ನು ಕಂಡು ಸಿದ್ಧಾಂತವನ್ನು ಕಟ್ಟಿಬಿಡುವ ಸಾಹಸಕ್ಕೆ ಅವರು ಕೈಹಾಕಲಿಲ್ಲ. 1863ರ ಹೊತ್ತಿಗೆ ಎಂಟು ರೋಗಿಗಳ ವೃತ್ತಾಂತವು ಸೇರಿತು. ಎಂಟರಲ್ಲಿಯೂ ಗಾಯವು ಎಡಭಾಗದಲ್ಲಿಯೇ ಇದ್ದುದನ್ನು ಕಂಡು ಅವರಿಗೇ ಆಶ್ಚರ್ಯವಾಯಿತು. ದೇಹದಲ್ಲಿ ಜೋಡಿಯಾಗಿರುವ ಅಂಗಗಳೆರಡೂ ಸಮಾನವೆಂಬುದು ಅಂದಿನ ನಂಬಿಕೆ. ಆದುದರಿಂದ ಇನ್ನೂ ಎರಡು ವರ್ಷ ಪರೀಕ್ಷಿಸಿ, 1865ರಲ್ಲಿ, ಮನುಷ್ಯರಲ್ಲಿ ಬಹುಮಂದಿ ಮಿದುಳಿನ ಎಡಭಾಗದಿಂದ ಮಾತನಾಡುವರೆಂಬ ನಿರ್ಣಯವನ್ನು ಪ್ರಕಟಿಸಿದರು. ಬಲಗೈ ಬಲಗಾಲು ಬಿದ್ದುಹೋದವರಲ್ಲಿಯೇ ಮಾತೂ ಹೋಗುವುದು ಹೆಚ್ಚೆಂಬುದರ ಮರ್ಮವು ಇದರಿಂದ ತಿಳಿಯಿತು. ಎಡಮಿದುಳೇ ದೇಹದ ಬಲಭಾಗವನ್ನು ಆಳುವುದಷ್ಟೆ. ದಕ್ಷಿಣ ಫ್ರಾನ್ಸಿನ ಮಾರ್ಕ್ ದಾಕ್ಸ್ ಎಂಬ ಹಳ್ಳಿಗಾಡಿನ ವೈದ್ಯರು 1836ರಲ್ಲಿಯೇ ಇದನ್ನು ಬರೆದಿಟ್ಟಿದ್ದರೆಂದು ಅವರ ಮಗನು ವಾದಿಸಿದನು. ಆ ಲೇಖನವು ಅಚ್ಚಾದದ್ದು 1865ರಲ್ಲಿ. ಮೊದಲ ಗೌರವವು ಯಾರಿಗೆ ಸಲ್ಲಬೇಕೆಂಬ ವ್ಯಾಜ್ಯವು ಇನ್ನೂ ಪೂರ್ತಿಯಾಗಿ ತೀರಿಲ್ಲ. ದಾಕ್ಸರ ಹೆಸರನ್ನು ಬ್ರೋಕಾರವರ ಹೆಸರಿನ ಪಕ್ಕದಲ್ಲಿ ಸ್ಮರಿಸುವುದೇ ನ್ಯಾಯ.

ಆದರೆ ನಮ್ಮ ದೃಷ್ಟಿಯಲ್ಲಿ, 1865ರ ಆ ಲೇಖನದ ನಿಜವಾದ ಹಿರಿಮೆಯು ನೆಲೆಯ ಶೋಧನೆಗಿಂತಲೂ ಹೆಚ್ಚಾಗಿ ಅದು ನೀಡಿದ ಆಶೆಯಲ್ಲಿದೆ. ಎಡಭಾಗದ ನೆಲೆಯು ಹಾಳಾದರೆ ಬಲಭಾಗವು ಆ ಕೆಲಸವನ್ನು ಏಕೆ ಕಲಿಯಬಾರದು? ಎಡಗೈಯವರಂತೆ ಕೆಲವರಲ್ಲಿ ಮಾತಿನ ನೆಲೆಯು ಬಲಭಾಗದಲ್ಲಿಯೇ ಇರಬಹುದಾದರೆ, ಆ ಭಾಗಕ್ಕೆ ಯೋಗ್ಯತೆಯೇನೂ ಕಡಮೆಯಿಲ್ಲವಷ್ಟೆ. ಮಗುವಿಗೆ ತಾಯಿಯು ವರ್ಷಗಟ್ಟಲೆ ಬೇಸರಿಸದೆ ಮಾತನ್ನು ಕಲಿಸುವಳು. ಮಾತು ಕಳೆದುಕೊಂಡ ದೊಡ್ಡವನಿಗೆ ಅಷ್ಟು ಸಹನೆಯಿಂದ ಕಲಿಸಿದವರು ಯಾರು? ಹೀಗೆ ಯೋಚಿಸಿ ಬ್ರೋಕಾರವರು ತಮ್ಮ ರೋಗಿಯೊಬ್ಬನಿಗೆ ತಾವೇ ಅಕ್ಷರಾಭ್ಯಾಸವನ್ನು ಆರಂಭಿಸಿದರು. ಅವನು ಅಕ್ಷರಗಳನ್ನು ಕಲಿತನು; ಬಿಡಿ ಅಕ್ಷರಗಳನ್ನು ಕೂಡಿಸಿ ಉಚ್ಚರಿಸಲು ಕಲಿತನು; ಉದ್ದವಾದ ಪದಗಳು ಬಂದಾಗ ತಡವರಿಸಿದನು. ಪೂರ್ಣ ಜಯವು ದೊರೆಯಲಿಲ್ಲ. ಬಹು ರೋಗಿಗಳನ್ನು ನೋಡಬೇಕಾದ ವೈದ್ಯನಿಗೆ ಒಬ್ಬನ ಬಳಿ ದಿನಗಟ್ಟಲೆ ಕುಳಿತುಕೊಳ್ಳಲು ವ್ಯವಧಾನವೂ ಇರಲಿಲ್ಲ. ಆದರೂ ಕಲಿಸಿದರೆ ಕಲಿಯಬಲ್ಲನೆಂಬುದು ಸಿದ್ಧವಾಯಿತು. ಇಂದು ದೇಶದೇಶಗಳಲ್ಲಿ ನಡೆಯುತ್ತಿರುವ ವಾಕ್‌ಚಿಕಿತ್ಸೆಯ ಆದಿಯ ಪಾಠಗಳಲ್ಲಿ ಇದೂ ಒಂದು.

ರೋಗಿಯು ಬದುಕಿರುವಾಗಲೇ ಗಾಯವು ಎಲ್ಲಿದೆಯೆಂದು ತಿಳಿಯಬೇಕೆಂಬುದು ಅವರ ಮತ್ತೊಂದು ಹಂಬಲ. ತಲೆಯ ಸುತ್ತಲೂ ಕಿರೀಟದಂತೆ ಹಲವು ಉಷ್ಣಮಾಪಕಗಳನ್ನು ಕಟ್ಟಿ, ರಕ್ತದ ಹರಿವು ನಿಂತ ಭಾಗದಲ್ಲಿ ಶಾಖವು ಕಡಮೆಯಾಗುವುದೇ ಎಂದು ಪರೀಕ್ಷಿಸಿದರು. ಉಪಾಯವು ಬಳಕೆಗೆ ನಿಲ್ಲಲಿಲ್ಲ. ಆದರೆ ತಲೆಯನ್ನು ತೆರೆಯದೆ ಒಳಗಿನ ರೋಗವನ್ನು ಕಾಣಬೇಕೆಂಬ ಆ ಹಂಬಲವೇ ಮುಂದೆ 1971ರಲ್ಲಿ ರೋಗಿಯ ಮೇಲೆ ಮೊದಲು ಪ್ರಯೋಗವಾದ ಸಿ.ಟಿ. ಯಂತ್ರದಲ್ಲಿ ಸಫಲವಾಯಿತು. ಪೆರು ದೇಶದಲ್ಲಿ ದೊರೆತ ಪುರಾತನ ತಲೆಬುರುಡೆಯೊಂದನ್ನು 1867ರಲ್ಲಿ ಪರೀಕ್ಷಿಸಿ, ಅದರಲ್ಲಿದ್ದ ಚೌಕಾಕಾರದ ರಂಧ್ರವು ಜೀವಂತ ಮನುಷ್ಯನ ಮೇಲೆ ನಡೆದ ಶಸ್ತ್ರಕ್ರಿಯೆಯ ಗುರುತೆಂದೂ, ಆ ಮನುಷ್ಯನು ಆಮೇಲೆ ಕೆಲವು ದಿನ ಬದುಕಿದ್ದನೆಂದೂ ಹೇಳಿದವರು ಇವರೇ. ಯೂರೋಪಿಗೆ ಹೊರಗಿನವರೂ ಪ್ರಾಚೀನ ಕಾಲದಲ್ಲಿಯೇ ಇಂಥ ವಿದ್ಯೆಯನ್ನು ಬಲ್ಲವರಾಗಿದ್ದರೆಂಬುದನ್ನು ಅಂದಿನ ಅನೇಕ ಪಂಡಿತರು ನಂಬಲೇ ಇಲ್ಲ.

ಇಷ್ಟನ್ನು ಹೇಳಿ ಮುಗಿಸಿದರೆ ಚರಿತ್ರೆಯು ಅರ್ಧಸತ್ಯವಾಗುವುದು. ಲೆಬೋರ್ನನ ಬೆರಳುಗಳಲ್ಲಿ ಬುದ್ಧಿಯನ್ನು ಕಂಡ ಅದೇ ಬ್ರೋಕಾರವರು, ತಲೆಬುರುಡೆಗಳ ಅಳತೆಯಿಂದ ಮನುಷ್ಯ ಜಾತಿಗಳ ತಾರತಮ್ಯವನ್ನು ನಿರ್ಣಯಿಸಬಹುದೆಂಬ ಭ್ರಮೆಗೆ ಒಳಗಾದರು. ಮಿದುಳಿನ ತೂಕವನ್ನು ನೋಡಿ, ಬಿಳಿಯರು ಮೇಲೆ, ಕರಿಯರು ಕೆಳಗೆ, ಪುರುಷರು ಮೇಲೆ, ಸ್ತ್ರೀಯರು ಕೆಳಗೆ ಎಂದು ಶ್ರೇಣಿಯನ್ನು ಕಟ್ಟಿದರು. ಅಳತೆಗಳಲ್ಲಿ ಮೋಸವಿರಲಿಲ್ಲ, ಉತ್ತರವನ್ನು ಮೊದಲೇ ಮನಸ್ಸಿನಲ್ಲಿಟ್ಟುಕೊಂಡು ಅಳೆಯಹೊರಟದ್ದೇ ದೋಷವಾಯಿತು. ಅಳತೆಯು ತಮ್ಮ ನಂಬಿಕೆಗೆ ವಿರುದ್ಧವಾಗಿ ಬಂದಾಗ ಅದಕ್ಕೆ ಸಮಾಧಾನಗಳನ್ನು ಹುಡುಕಿದರು. ಇಂಥ ಶಾಸ್ತ್ರದ ಆಧಾರದ ಮೇಲೆ ಪರರ ನಾಡುಗಳನ್ನು ಆಳುವುದು ತಮ್ಮ ಹಕ್ಕೆಂದು ಸಾರಿದ ದೊರೆತನಗಳ ಅನುಭವವು ನಮ್ಮ ದೇಶಕ್ಕೆ ಚೆನ್ನಾಗಿ ಉಂಟು. ಆ ಬುರುಡೆಶಾಸ್ತ್ರವು ಕಾಲದ ಪರೀಕ್ಷೆಯಲ್ಲಿ ಸೋತು ಮೂಲೆಗುಂಪಾಗಿದೆ. ಹಾಸಿಗೆಯ ಬಳಿ ಕುಳಿತು ಒಬ್ಬೊಬ್ಬ ಮನುಷ್ಯನನ್ನು ಮನುಷ್ಯನೆಂದು ನೋಡಿ ಕಲಿತದ್ದು ಮಾತ್ರ ಉಳಿದಿದೆ. ವಿದ್ಯಾವಂತರಿಗೆ ಇದಕ್ಕಿಂತ ದೊಡ್ಡ ಎಚ್ಚರಿಕೆ ಬೇಕಾಗಿಲ್ಲ.

1880ರಲ್ಲಿ ಬ್ರೋಕಾರವರನ್ನು ಫ್ರೆಂಚ್ ಗಣರಾಜ್ಯದ ಸೆನೆಟ್ ಸಭೆಗೆ ಜೀವಾವಧಿ ಸದಸ್ಯರನ್ನಾಗಿ ಆರಿಸಲಾಯಿತು. ಸ್ತ್ರೀಯರ ಮಿದುಳನ್ನು ಕಡಮೆಯೆಂದು ತೂಗಿದ್ದ ಅವರೇ ಅಲ್ಲಿ ಹುಡುಗಿಯರ ಪ್ರೌಢಶಿಕ್ಷಣದ ಮಸೂದೆಯನ್ನು ಎತ್ತಿಹಿಡಿದರೆಂಬುದು ಸ್ಮರಣಾರ್ಹವಾದ ಸಂಗತಿ. ಮನುಷ್ಯನ ಹೃದಯವು ಕೆಲವೊಮ್ಮೆ ಅವನ ಸಿದ್ಧಾಂತಕ್ಕಿಂತ ಮುಂದೆ ನಡೆಯುವುದುಂಟು. ಆದರೆ ಆ ಮಸೂದೆಯು ಶಾಸನವಾದುದನ್ನು ನೋಡುವಷ್ಟು ಆಯುಸ್ಸು ಅವರಿಗಿರಲಿಲ್ಲ. ಅದೇ ವರ್ಷ ಜುಲೈ 9ರಂದು, ತಮ್ಮ ಐವತ್ತಾರನೆಯ ವಯಸ್ಸಿನಲ್ಲಿ, ಹಠಾತ್ತಾಗಿ ಕಾಲವಶರಾದರು. ಪ್ಯಾರಿಸ್ಸಿನ ಐಫೆಲ್ ಗೋಪುರದ ಮೇಲೆ ಕೆತ್ತಿರುವ ಎಪ್ಪತ್ತೆರಡು ಫ್ರೆಂಚ್ ವಿದ್ವಾಂಸರ ಹೆಸರುಗಳಲ್ಲಿ ಅವರದೂ ಒಂದು.

ಅವರು ಕಾಯ್ದಿಟ್ಟುದು ಅವರ ತರುವಾಯವೂ ಫಲ ಕೊಟ್ಟಿತು. ಲೆಬೋರ್ನ್ ಮತ್ತು ಲೆಲೋಂಗರ ಮಿದುಳುಗಳನ್ನು ಕತ್ತರಿಸದೆ ಇಡಿಯಾಗಿ ಸಂರಕ್ಷಿಸಿದ್ದರಿಂದ, ಒಂದೂವರೆ ಶತಮಾನದ ನಂತರ ಅವುಗಳನ್ನು ಅಯಸ್ಕಾಂತದ ಯಂತ್ರದಲ್ಲಿಟ್ಟು ಪರೀಕ್ಷಿಸಲು ಸಾಧ್ಯವಾಯಿತು. 2007ರಲ್ಲಿ ಪ್ರಕಟವಾದ ಆ ಪರೀಕ್ಷೆಯಿಂದ ಗಾಯವು ಬ್ರೋಕಾರವರು ಎಣಿಸಿದುದಕ್ಕಿಂತ ಆಳವಾಗಿ, ಮಿದುಳಿನ ಭಾಗಗಳನ್ನು ಒಂದಕ್ಕೊಂದು ಬೆಸೆಯುವ ನರತಂತುಗಳವರೆಗೂ ಹೋಗಿತ್ತೆಂದು ತಿಳಿದುಬಂದಿತು. ಮಾತು ಒಂದೇ ನೆಲೆಯ ಸೊತ್ತಲ್ಲ, ಹಲವು ನೆಲೆಗಳ ಕೂಟದ ಕಾರ್ಯವೆಂಬುದು ಇಂದಿನ ಮತ. ಚಿಕಿತ್ಸೆಯಲ್ಲಿಯೂ ಕಾಲವು ಬಹಳ ಮುಂದುವರಿದಿದೆ. ರಕ್ತವು ಹೆಪ್ಪುಗಟ್ಟಿ ನಾಳವನ್ನು ಮುಚ್ಚಿದಾಗ ಹೆಪ್ಪನ್ನು ಕರಗಿಸುವ ಔಷಧವನ್ನು ಮೂರು ಗಂಟೆಯೊಳಗೆ ಕೊಟ್ಟರೆ ಗುಣವುಂಟೆಂದು 1995ರಲ್ಲಿ ಸಿದ್ಧವಾಯಿತು. ಆ ಅವಧಿಯು 2008ರಲ್ಲಿ ನಾಲ್ಕೂವರೆ ಗಂಟೆಗೆ ವಿಸ್ತರಿಸಿತು. ದೊಡ್ಡ ನಾಳದ ಹೆಪ್ಪನ್ನು ತಂತಿಯ ಬಲೆಯಿಂದ ಹಿಡಿದೆಳೆಯುವ ಕ್ರಮವು 2015ರ ಪ್ರಯೋಗಗಳಿಂದ ದೃಢಪಟ್ಟಿತು. ರಕ್ತನಾಳವು ಒಡೆದಿದ್ದರೆ ಮಾತ್ರ ಅದೇ ಔಷಧವು ವಿಷವಾಗುವುದು. ಆದುದರಿಂದ ಮೊದಲು ತಲೆಯ ಚಿತ್ರವನ್ನು ತೆಗೆದು ನೋಡಲೇಬೇಕು. ಬಾಯಿ ಓರೆಯಾಗಿ, ಕೈ ಸೋತು, ಮಾತು ತೊದಲಿದೊಡನೆ, ಹೊತ್ತನ್ನು ನೋಡಿಟ್ಟುಕೊಂಡು ರೋಗಿಯನ್ನು ಅಂಥ ಅನುಕೂಲವಿರುವ ಆಸ್ಪತ್ರೆಗೆ ಒಯ್ಯಬೇಕು. ಎಣ್ಣೆ ನೀವುತ್ತ, ನಾಳೆ ನೋಡೋಣವೆನ್ನುತ್ತ ಕಳೆದ ಗಂಟೆಗಳು ಮತ್ತೆ ಬಾರವು.

ಮೊದಲ ಗಂಟೆಗಳ ಕೆಲಸವು ವೈದ್ಯರದಾದರೆ, ಆಮೇಲಿನ ತಿಂಗಳುಗಳ ಕೆಲಸವು ಬಹುಮಟ್ಟಿಗೆ ಮನೆಯವರದು. ಮಾತನಾಡಲಾರದವನು ಕೆಲವೊಮ್ಮೆ ಹಾಡಬಲ್ಲನೆಂಬುದು ಹಿಂದಿನಿಂದಲೂ ತಿಳಿದ ಸಂಗತಿ. 1973ರಲ್ಲಿ ಅಮೆರಿಕದ ವೈದ್ಯರು ರಾಗದ ಮೂಲಕ ಮಾತನ್ನು ಮರಳಿಸುವ ಕ್ರಮವೊಂದನ್ನು ರೂಪಿಸಿದರು. ಬ್ರೋಕಾರವರ ಲೇಖನಕ್ಕೆ ಸರಿಯಾಗಿ ನೂರು ವರ್ಷಗಳ ತರುವಾಯ, 1965ರಲ್ಲಿ, ನಮ್ಮ ಮೈಸೂರಿನಲ್ಲಿಯೇ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯು ಸ್ಥಾಪಿತವಾಯಿತು. ಮಾತು ಕಳೆದುಕೊಂಡವರಿಗೆ ಕಲಿಸುವ ವಿದ್ಯೆಯು ಹೀಗೆ ಕನ್ನಡ ನಾಡಿನಲ್ಲಿಯೂ ನೆಲೆಗೊಂಡಿದೆ. ಆದರೆ ತರಬೇತಿ ಹೊಂದಿದವರು ತಾಲ್ಲೂಕು ತಾಲ್ಲೂಕಿಗೂ ದೊರೆಯುವವರೆಗೆ ಹಳ್ಳಿಯ ರೋಗಿಗೆ ಅವನ ಹೆಂಡತಿ, ಮಕ್ಕಳು, ನೆರೆಯವರೇ ಗುರುಗಳು. ಅವನಿಗೆ ಪರಿಚಿತವಾದ ಹಾಡನ್ನು ಅವನೊಡನೆ ಹಾಡುವುದು, ಒಂದೊಂದೇ ಪ್ರಶ್ನೆಯನ್ನು ನಿಧಾನವಾಗಿ ಕೇಳುವುದು, ಉತ್ತರವು ಬರುವವರೆಗೆ ಸುಮ್ಮನೆ ಕಾಯುವುದು, ಬೆರಳ ಸನ್ನೆಯನ್ನೂ ಮಾತೆಂದೇ ಎಣಿಸುವುದು, ಇವಕ್ಕೆ ಹಣ ಬೇಕಾಗಿಲ್ಲ.

ಬಿಸೇತ್ರ್ ಆಸ್ಪತ್ರೆಯಲ್ಲಿ ಲೆಬೋರ್ನನು ಇಪ್ಪತ್ತೊಂದು ವರ್ಷವಿದ್ದನು. ಅಷ್ಟು ವರ್ಷವೂ ಅವನಿಗೆ ತನ್ನ ದಿನಗಳ ಲೆಕ್ಕವು ಗೊತ್ತಿದ್ದಿತು. ಅವನ ಕಡೆಯ ವಾರದಲ್ಲಿ ಒಬ್ಬ ವೈದ್ಯನು ಅದನ್ನು ಕೇಳಿ ತಿಳಿದು ಬರೆದಿಟ್ಟದ್ದರಿಂದ, ಒಂದು ಶಾಸ್ತ್ರವು ಹುಟ್ಟಿತು. ಮಾತು ಹೋದವರು ನಮ್ಮ ಊರುಗಳ ಜಗಲಿಗಳ ಮೇಲೂ ಇದ್ದಾರೆ. ಅವರನ್ನು ಕೇಳುವ ಕರ್ತವ್ಯವು ನಮ್ಮದಾಗಿದೆ.